ಕಂದಾಯ ವಸೂಲಿಯಲ್ಲಿ ಹಿಂಸೆ: 1855ರ ಮದರಾಸು ಆಯೋಗದ ವರದಿಯನ್ನು ಕುರಿತು

ರಾಜ್ಯಕ್ಕೆ ತೆರಿಗೆ ಬೇಕು. ತೆರಿಗೆಯನ್ನು ಎತ್ತುವುದಕ್ಕೆ ಅಧಿಕಾರಿ ಬೇಕು. ಅಧಿಕಾರಿಯ ಕೈಯಲ್ಲಿ ಒಂದಿಷ್ಟು ಬಲವೂ ಇರಬೇಕು. ಇಷ್ಟನ್ನು ಎಲ್ಲ ಶಾಸ್ತ್ರಕಾರರೂ ಒಪ್ಪುತ್ತಾರೆ. ಆದರೆ ಆ ಬಲಕ್ಕೆ ಮೇರೆ ಯಾವುದು, ಮೇರೆ ಮೀರಿದವನನ್ನು ತಡೆಯುವವರು ಯಾರು, ಪೆಟ್ಟು ತಿಂದವನು ಯಾರ ಬಾಗಿಲಿಗೆ ಹೋಗಿ ದೂರಬೇಕು ಎಂಬ ಪ್ರಶ್ನೆಗಳು ಬಂದಾಗ ನಮ್ಮ ಪಠ್ಯಗ್ರಂಥಗಳು ಹೆಚ್ಚಾಗಿ ಮೌನವಾಗುತ್ತವೆ. ಆಡಂ ಸ್ಮಿತ್ ಅವರು 1776ರ ತಮ್ಮ ಗ್ರಂಥದಲ್ಲಿ ತೆರಿಗೆಯ ನಾಲ್ಕು ಸೂತ್ರಗಳನ್ನು ಹೇಳಿದುದನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅವುಗಳಲ್ಲಿ ಎರಡನೆಯದಾದ ನಿಶ್ಚಿತತೆಯ ಸೂತ್ರವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವುದುಂಟು. ಆದರೆ ಅದಕ್ಕೆ ಅವರು ಕೊಟ್ಟ ಕಾರಣವನ್ನು ಮರೆಯುವುದೇ ಹೆಚ್ಚು. ಕೊಡಬೇಕಾದುದೆಷ್ಟು ಎಂಬುದು ನಿಶ್ಚಿತವಾಗಿಲ್ಲದ ಕಡೆ ತೆರಿಗೆ ಕೊಡುವವನು ತೆರಿಗೆ ಎತ್ತುವವನ ಕೈಗೆ ಸಿಕ್ಕಿಬೀಳುತ್ತಾನೆ ಎಂಬುದೇ ಆ ಕಾರಣ. ಈ ಮಾತಿಗೆ ನಮ್ಮ ದೇಶದ ಚರಿತ್ರೆಯಲ್ಲಿ ದೊರೆಯುವ ಅತ್ಯಂತ ವಿಸ್ತಾರವಾದ ಸಾಕ್ಷ್ಯವೆಂದರೆ ಮದರಾಸು ಆಧಿಪತ್ಯದಲ್ಲಿ ನಡೆಯುತ್ತಿದ್ದ ಹಿಂಸೆಯನ್ನು ವಿಚಾರಿಸಲು ನೇಮಕವಾಗಿದ್ದ ಆಯೋಗವು 1855ರ ಏಪ್ರಿಲ್ 16ರಂದು ಒಪ್ಪಿಸಿದ ವರದಿ. ಪ್ರಕೃತ ಲೇಖನದಲ್ಲಿ ಆ ವರದಿಯ ಹಿನ್ನೆಲೆ, ಅದು ಕಂಡುಕೊಂಡ ಸಂಗತಿಗಳು ಮತ್ತು ಅದು ಹೇಳದೆ ಬಿಟ್ಟ ಸಂಗತಿಗಳನ್ನು ವಿಚಾರಿಸಲು ಯತ್ನಿಸಿದ್ದೇವೆ.

ಈ ವಿಷಯ ಕನ್ನಡಿಗರಿಗೆ ದೂರದ್ದಲ್ಲ. ಆಗ ಕನ್ನಡವನ್ನಾಡುವ ಎರಡು ದೊಡ್ಡ ಜಿಲ್ಲೆಗಳು ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದುವು. ಶ್ರೀರಂಗಪಟ್ಟಣದ ಪತನಾನಂತರ 1799ರಲ್ಲಿ ಕನ್ನಡ ಜಿಲ್ಲೆಯೂ, ಮರುವರ್ಷ ನಿಜಾಮರಿಂದ ಬಳ್ಳಾರಿಯ ಸೀಮೆಯೂ ಕುಂಪಣಿಯ ಕೈಸೇರಿದುವು. ಎರಡಕ್ಕೂ ಮೊದಲ ಕಲೆಕ್ಟರಾಗಿ ಬಂದವರು ಥಾಮಸ್ ಮನ್ರೋ ಅವರೇ. ಕರಾವಳಿಯ ಕನ್ನಡ ಜಿಲ್ಲೆಯ ಉತ್ತರಭಾಗವು 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಆದಕಾರಣ 1855ರ ವರದಿಯು ಮದರಾಸಿನ ರೈತನೆಂದು ಹೇಳುವಾಗ ಆ ಮಾತಿನಲ್ಲಿ ಹೊಸಪೇಟೆಯ ರೈತನೂ ಕುಂದಾಪುರದ ರೈತನೂ ಅಡಗಿದ್ದಾರೆ.

ರೈತವಾರಿ ಪದ್ಧತಿಯನ್ನು ಪುಸ್ತಕಗಳು ಸಾಮಾನ್ಯವಾಗಿ ಸರಳವಾಗಿ ವರ್ಣಿಸುತ್ತವೆ: ಸರ್ಕಾರಕ್ಕೂ ಸಾಗುವಳಿದಾರನಿಗೂ ನಡುವೆ ಜಮೀನ್ದಾರನಿಲ್ಲ, ಭೂಮಿಗೆ ದರ ಗೊತ್ತಾಗಿದೆ, ರೈತನು ಕಿಸ್ತು ಕಿಸ್ತಾಗಿ ಕೊಡುತ್ತಾನೆ. ಕಾಗದದ ಮೇಲೆ ಇದು ನಿಜ. ಆದರೆ ಆ ಕಾಲದಲ್ಲಿ ದರಗಳು ಎಷ್ಟು ಭಾರವಾಗಿದ್ದುವೆಂದರೆ ಅವುಗಳನ್ನು ಪೂರ್ಣವಾಗಿ ಎತ್ತುವುದೇ ಸಾಧ್ಯವಿರಲಿಲ್ಲ. ಬಳ್ಳಾರಿಯೇ ಮೊದಲಾದ ದತ್ತ ಮಂಡಲಗಳಲ್ಲಿ ಕಂದಾಯವು ಒಟ್ಟು ಹುಟ್ಟುವಳಿಯಲ್ಲಿ ನೂರಕ್ಕೆ 45ರಷ್ಟಾಗುತ್ತದೆಂದು ಮನ್ರೋ ಅವರೇ ಲೆಕ್ಕ ಹಾಕಿ, ಅದನ್ನು ನಾಲ್ಕರಲ್ಲೊಂದು ಪಾಲು ಇಳಿಸಬೇಕೆಂದು 1807ರಲ್ಲಿ ಶಿಫಾರಸು ಮಾಡಿದರು. ಮೇಲಿನವರು ಆಗ ಒಪ್ಪಲಿಲ್ಲ. ರೈತವಾರಿಯನ್ನೇ ಕೈಬಿಟ್ಟು ಊರಿಗೆ ಊರನ್ನು ಗುತ್ತಿಗೆ ಕೊಟ್ಟು ನೋಡಿದರು, ಅದು ಕೆಟ್ಟಿತು. 1820ರಲ್ಲಿ ಮನ್ರೋ ಅವರು ಗವರ್ನರಾಗಿ ಬಂದ ಮೇಲೆಯೇ ಆ ರಿಯಾಯಿತಿ ಬಳ್ಳಾರಿಗೆ ದಕ್ಕಿದ್ದು.

ಎತ್ತಲಾಗದ ಕಂದಾಯವನ್ನು ಗೊತ್ತುಮಾಡಿದರೆ ಅದರ ಫಲವೇನು? ಪ್ರತಿವರ್ಷ ಜಮಾಬಂದಿಯ ಕಾಲದಲ್ಲಿ ಯಾರಿಗೆ ಎಷ್ಟು ಮಾಫಿ ಎಂಬುದನ್ನು ಹೊಸದಾಗಿ ನಿಶ್ಚಯಿಸಬೇಕಾಯಿತು. ಯಾವ ಹೊಲ ಬಿತ್ತಿದೆ, ಯಾವುದು ಬೀಳು ಬಿದ್ದಿದೆ, ಕೆರೆಯ ನೀರು ಎಲ್ಲಿಯವರೆಗೆ ಹರಿಯಿತು, ಬೆಳೆ ಎಷ್ಟು ಆಣೆ ಬಂತು, ರೈತನಿಗೆ ಕೊಡುವ ಶಕ್ತಿ ಇದೆಯೇ ಇಲ್ಲವೇ ಎಂಬುದೆಲ್ಲವನ್ನೂ ಶಾನುಭೋಗನು ಬರೆದು, ತಹಶೀಲ್ದಾರನು ಒಪ್ಪಿ, ಹುಜೂರು ಕಛೇರಿಯ ಶಿರಸ್ತೇದಾರನು ಪರಿಶೀಲಿಸಿ ಕಲೆಕ್ಟರರ ಮುಂದಿಡಬೇಕು. ಒಬ್ಬ ಕಲೆಕ್ಟರರು ಸಾವಿರಾರು ಪಟ್ಟೆಗಳನ್ನು ಕೆಲವೇ ವಾರಗಳಲ್ಲಿ ಮುಗಿಸಬೇಕಾದಾಗ ಅವರು ನೋಡುವುದು ಕಾಗದವನ್ನೇ ಹೊರತು ಹೊಲವನ್ನಲ್ಲ. ಹೀಗೆ ಹೆಸರಿಗೆ ನಿಶ್ಚಿತವಾದ ಕಂದಾಯವು ವಸ್ತುತಃ ವರ್ಷವರ್ಷವೂ ಅನಿಶ್ಚಿತವಾಯಿತು. ಅನಿಶ್ಚಿತತೆಯ ಬೀಗದ ಕೈ ಕೆಳಗಿನ ನೌಕರನ ಸೊಂಟದಲ್ಲಿತ್ತು. ಸ್ಮಿತ್ ಅವರ ಸೂತ್ರದ ವ್ಯತಿರೇಕ ಇದಕ್ಕಿಂತ ಸ್ಪಷ್ಟವಾಗಿ ಎಲ್ಲಿಯೂ ಕಾಣದು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. 1816ರ ಹನ್ನೊಂದನೆಯ ರೆಗ್ಯುಲೇಷನ್ನಿನ ಪ್ರಕಾರ ತಹಶೀಲ್ದಾರನೇ ತಾಲ್ಲೂಕಿನ ಪೋಲೀಸಿನ ಮುಖ್ಯಸ್ಥ. ಊರಿನ ಪಟೇಲನು ಅವನ ಕೈಕೆಳಗೆ. ಮೇಲೆ ಕಲೆಕ್ಟರರೇ ಜಿಲ್ಲೆಯ ಮ್ಯಾಜಿಸ್ಟ್ರೇಟರು. ಕಂದಾಯವನ್ನು ಕೇಳುವವನೂ, ಹಿಡಿದು ತರುವವನೂ, ದೂರನ್ನು ವಿಚಾರಿಸುವವನೂ ಒಂದೇ ಸಾಲಿನ ಮನುಷ್ಯರು. ಖರ್ಚು ಕಡಿಮೆ, ಜನರಿಗೆ ಪರಿಚಿತ ಎಂಬ ಕಾರಣದಿಂದ ಈ ಏರ್ಪಾಟನ್ನು ಸಮರ್ಥಿಸಲಾಗುತ್ತಿತ್ತು. ಎರಡೂ ಕಾರಣಗಳು ಸುಳ್ಳಲ್ಲ. ಆದರೆ ಅಗ್ಗದ ಆಡಳಿತದ ಬೆಲೆಯನ್ನು ಯಾರೋ ತೆರಲೇಬೇಕಾಗುತ್ತದೆ.

ಆಯೋಗದ ನೇಮಕಕ್ಕೆ ಕಾರಣವಾದ ಘಟನೆಗಳನ್ನು ಸಂಕ್ಷೇಪವಾಗಿ ಹೇಳುವೆವು. 1852ರಲ್ಲಿ ಗಾಜುಲ ಲಕ್ಷ್ಮೀನರಸು ಚೆಟ್ಟಿಯವರ ಮುಂದಾಳುತನದಲ್ಲಿ ಮದರಾಸಿನ ದೇಶೀಯರ ಸಂಘವೊಂದು ಸ್ಥಾಪಿತವಾಗಿ, ಕುಂಪಣಿಯ ಸನ್ನದನ್ನು ನವೀಕರಿಸುವ ಕಾಲ ಸಮೀಪಿಸಿದ್ದರಿಂದ, ಭಾರವಾದ ಕಂದಾಯವನ್ನೂ ವಸೂಲಿಯ ಕ್ರೌರ್ಯವನ್ನೂ ಕುರಿತು ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿತು. ಮರುವರ್ಷ ಪಾರ್ಲಿಮೆಂಟಿನ ಸದಸ್ಯರಾದ ಡ್ಯಾನ್‌ಬಿ ಸೆಮೋರ್ ಅವರು ಮದರಾಸಿಗೆ ಬಂದು, ಚೆಟ್ಟಿಯವರೊಡನೆ ಜಿಲ್ಲೆಗಳಲ್ಲಿ ಸಂಚರಿಸಿ, ಕಂದಾಯ ನೌಕರರ ರೀತಿನೀತಿಗಳನ್ನು ಕಣ್ಣಾರೆ ಕಂಡು ಹಿಂತಿರುಗಿದರು. 1854ರ ಜುಲೈ ತಿಂಗಳಲ್ಲಿ ಕಾಮನ್ಸ್ ಸಭೆಯಲ್ಲಿ ಈ ಮಾತು ಎದ್ದಿತು. ಕುಂಪಣಿಯ ಪಕ್ಷದವರು ಮೊದಲು ಇದನ್ನು ನಂಬಲಾಗದೆಂದು ತಳ್ಳಿಹಾಕಿದರು. ಚರ್ಚೆ ಬಿಸಿಯಾದ ಮೇಲೆ ವಿಚಾರಣೆಗೆ ಒಪ್ಪಿದರು. ಸೆಪ್ಟೆಂಬರಿನಲ್ಲಿ ಲಾರ್ಡ್ ಹ್ಯಾರಿಸ್ ಅವರ ಸರ್ಕಾರವು ಎಲಿಯಟ್, ಸ್ಟೋಕ್ಸ್, ಜಾನ್ ಬ್ರೂಸ್ ನಾರ್ಟನ್ ಎಂಬ ಮೂವರನ್ನು ಆಯೋಗದ ಸದಸ್ಯರನ್ನಾಗಿ ನೇಮಿಸಿತು. ಇವರಲ್ಲಿ ನಾರ್ಟನ್ ಅವರು ಬ್ಯಾರಿಸ್ಟರರು, ಮದರಾಸಿನ ಆಡಳಿತವನ್ನು ಬಹಿರಂಗವಾಗಿ ಟೀಕಿಸುತ್ತಿದ್ದವರು. ಅವರನ್ನು ಸೇರಿಸಿಕೊಂಡದ್ದು ಸರ್ಕಾರದ ಪಾಲಿಗೆ ಒಳ್ಳೆಯ ಗುಣವೆಂದೇ ಹೇಳಬೇಕು.

ಆಯೋಗವು ಮದರಾಸು ಪಟ್ಟಣದಲ್ಲಿಯೇ ಕುಳಿತು ಫಿರ್ಯಾದುಗಳನ್ನು ತೆಗೆದುಕೊಂಡಿತು. ಜೊತೆಗೆ ಕಲೆಕ್ಟರರು, ನ್ಯಾಯಾಧೀಶರು, ವೈದ್ಯರು, ಪಾದ್ರಿಗಳು ಮುಂತಾದವರಿಗೆ ಪ್ರಶ್ನೆಗಳನ್ನು ಕಳುಹಿಸಿ ಉತ್ತರಗಳನ್ನು ತರಿಸಿಕೊಂಡಿತು. ಮೊದಲು ಸಂಖ್ಯೆಗಳನ್ನು ನೋಡೋಣ. ಖುದ್ದಾಗಿ ಬಂದು ಹೇಳಿಕೊಂಡವರು 519 ಮಂದಿ, ಪತ್ರಮುಖೇನ ಬಂದ ದೂರುಗಳು 1,440, ಒಟ್ಟು 1,959. ರೈಲುದಾರಿಯಿಲ್ಲದ ಕಾಲದಲ್ಲಿ ಮುನ್ನೂರು ನಾನ್ನೂರು ಮೈಲಿ ನಡೆದು ಬಂದವರೂ ಅವರಲ್ಲಿದ್ದರು. ಕೋಟಿಗಟ್ಟಲೆ ಜನರಿರುವ ಆಧಿಪತ್ಯದಲ್ಲಿ ಇದು ಅಲ್ಪಸಂಖ್ಯೆಯೆಂದು ಆಗಲೂ ಹೇಳಿದವರುಂಟು. ನಾವು ಹಾಗೆ ತಿಳಿಯಲಾರೆವು. ಈ ಜನರಿಗೆ ಆಯೋಗದಿಂದ ಪರಿಹಾರವಾಗಿ ಬಿಡಿಗಾಸೂ ದೊರೆಯುವಂತಿರಲಿಲ್ಲ. ಊರಿಗೆ ಹಿಂತಿರುಗಿದ ಮೇಲೆ ಅದೇ ತಹಶೀಲ್ದಾರನ ಕೈಕೆಳಗೆ ಬಾಳಬೇಕಾಗಿತ್ತು. ಅಷ್ಟು ಗೊತ್ತಿದ್ದೂ ಬಂದವನೊಬ್ಬನ ಹಿಂದೆ ಬಾರದೆ ಉಳಿದವರು ಎಷ್ಟು ಮಂದಿ ಎಂಬುದನ್ನು ಊಹಿಸಬೇಕು. ಅಲ್ಲದೆ ತಮಿಳು, ತೆಲುಗು, ಕನ್ನಡ ಮುಂತಾದ ಬೇರೆಬೇರೆ ನುಡಿಗಳನ್ನಾಡುವ, ಒಬ್ಬರ ಮುಖವನ್ನೊಬ್ಬರು ಕಂಡರಿಯದ ಜನರ ಹೇಳಿಕೆಗಳಲ್ಲಿ ಅವೇ ಉಪಾಯಗಳು ಮತ್ತೆಮತ್ತೆ ಬರುವುದನ್ನು ನೋಡಿದರೆ ಇದನ್ನು ಕಟ್ಟುಕತೆ ಎನ್ನುವಂತಿಲ್ಲ.

ಆ ಉಪಾಯಗಳನ್ನು ವರದಿಯು ಒಂದೊಂದಾಗಿ ಎಣಿಸುತ್ತದೆ. ಓದುವುದು ಸುಖಕರವಲ್ಲ, ಆದರೂ ಕೆಲವನ್ನಾದರೂ ಹೇಳದೆ ಹೋದರೆ 'ದುರುಪಯೋಗ' ಎಂಬ ಶಬ್ದ ಟೊಳ್ಳಾಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸುವುದು, ಊಟಕ್ಕೂ ದೇಹಬಾಧೆಗೂ ಹೋಗಗೊಡದಿರುವುದು, ಬೆನ್ನಿನ ಮೇಲೆ ಕಲ್ಲು ಹೇರುವುದು, ಕಿವಿ ಹಿಂಡುವುದು, ಮೊಣಕಾಲಿನ ಸಂದಿಯಲ್ಲಿ ಇಟ್ಟಿಗೆಯ ಚೂರುಗಳನ್ನಿಟ್ಟು ಕುಕ್ಕುರುಗಾಲಿನಲ್ಲಿ ಕೂರಿಸುವುದು, ಬಾಕಿದಾರರಿಬ್ಬರ ತಲೆಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುವುದು ಅಥವಾ ಅವರ ಜುಟ್ಟುಗಳನ್ನು ಒಟ್ಟಿಗೆ ಕಟ್ಟುವುದು. ಎಲ್ಲಕ್ಕಿಂತ ಪ್ರಸಿದ್ಧವಾದವು ಎರಡು. ಒಂದು, ತಮಿಳರು ಅಣ್ಣಾಂದಾಳ್ ಎನ್ನುತ್ತಿದ್ದುದು: ಮನುಷ್ಯನನ್ನು ಬಗ್ಗಿಸಿ, ಅವನ ಬಟ್ಟೆಯನ್ನೋ ಹಗ್ಗವನ್ನೋ ಕತ್ತಿನ ಮೇಲಿಂದ ಕಾಲ್ಬೆರಳಿಗೆ ಬಿಗಿದು ಗಂಟೆಗಟ್ಟಲೆ ಹಾಗೆಯೇ ಬಿಡುವುದು. ಇನ್ನೊಂದು, ಕಿಟ್ಟಿ: ಒಂದು ತುದಿಯಲ್ಲಿ ಸೇರಿಸಿದ ಎರಡು ಕೋಲುಗಳ ನಡುವೆ ಬೆರಳನ್ನೋ ತೊಡೆಯನ್ನೋ ಇಟ್ಟು ಅಮುಕುವುದು.

ಈ ಪಟ್ಟಿಯಲ್ಲಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುವುದು ಮೈಗೆ ನೋವಾಗದ ಹಿಂಸೆಗಳು. ರೈತನ ದನಗಳನ್ನು ಮನೆಯಲ್ಲಿಯೇ ಕೂಡಿ ಮೇವಿಗೆ ಬಿಡದಿರುವುದು ಒಂದು. ತಗಾದೆಗೆಂದು ಜವಾನನನ್ನು ಮನೆಯ ಬಾಗಿಲಲ್ಲಿ ಕೂರಿಸಿ, ಅವನ ದಿನದ ಭತ್ಯವನ್ನು ಬಾಕಿದಾರನಿಂದಲೇ ಕೊಡಿಸುವುದು ಇನ್ನೊಂದು. ಮೂಳೆಯ ಸರವನ್ನು ಕೊರಳಿಗೆ ಹಾಕುವುದು, ಕತ್ತೆಯ ಬಾಲಕ್ಕೋ ಎಮ್ಮೆಯ ಬಾಲಕ್ಕೋ ತಲೆಗೂದಲನ್ನು ಕಟ್ಟುವುದು ಮೂರನೆಯ ಬಗೆ. ಇವು ದೇಹವನ್ನಲ್ಲ, ಊರಿನ ಮುಂದೆ ಮನುಷ್ಯನಿಗಿದ್ದ ಮರ್ಯಾದೆಯನ್ನು ಮುರಿಯುವುದಕ್ಕಾಗಿ ಹುಟ್ಟಿದುವು. ಅಧಿಕಾರಿಯು ಸಮಾಜದ ಕಟ್ಟುಗಳನ್ನು ಚೆನ್ನಾಗಿ ಅರಿತು ಅವುಗಳನ್ನೇ ಆಯುಧವಾಗಿ ಬಳಸಿದನು. ಗಾಯದ ಗುರುತು ಉಳಿಯದ್ದರಿಂದ ಇಂಥ ಫಿರ್ಯಾದುಗಳು ವೈದ್ಯರ ಕಣ್ಣಿಗೂ ನ್ಯಾಯಾಲಯದ ಕಣ್ಣಿಗೂ ಬೀಳಲೇ ಇಲ್ಲ. ಹಿಂಸೆಯ ಉದಾಹರಣೆಗಳನ್ನು ತಾವು ಕಂಡಿಲ್ಲವೆಂದು ಉತ್ತರ ಬರೆದ ಅನೇಕ ಅಧಿಕಾರಿಗಳು ಬಹುಶಃ ನಿಜವನ್ನೇ ಬರೆದರು. ಕಾಣುವಂತೆ ಅದು ನಡೆಯುತ್ತಿರಲಿಲ್ಲ.

ಒಂದು ಫಿರ್ಯಾದಿನ ಹಾದಿಯನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿದರೆ ಇಡೀ ಯಂತ್ರದ ಚಲನೆ ಅರ್ಥವಾಗುತ್ತದೆ. ದಕ್ಷಿಣದ ತಮಿಳು ಸೀಮೆಯ ಕ್ರೈಸ್ತ ರೈತನೊಬ್ಬನ ಹೇಳಿಕೆ ಇದು. ಮಳೆಯಿಲ್ಲದೆ ಬೆಳೆ ಕೆಟ್ಟಿತು. 1837ರಲ್ಲಿ ಆದ ಒಪ್ಪಂದದ ಪ್ರಕಾರ ಅವನೂ ಊರವರೂ ಜಮಾಬಂದಿಯಲ್ಲಿ ಮಾಫಿ ಕೇಳಿದರು, ಸಿಗಲಿಲ್ಲ. ಆದುದರಿಂದ ಪಟ್ಟೆಯನ್ನು ತೆಗೆದುಕೊಳ್ಳಲು ನಿರಾಕರಿಸಿದರು. ಜೂನ್ ತಿಂಗಳಿಂದ ಆಗಸ್ಟ್ ತಿಂಗಳವರೆಗೆ ತಹಶೀಲ್ದಾರನ ಜನರು ಅವರನ್ನು ಬಿಸಿಲಿಗೆ ಕರೆದೊಯ್ದು, ಬಗ್ಗಿಸಿ, ಬೆನ್ನಿಗೆ ಕಲ್ಲು ಹೇರಿ, ಕಾದ ಮರಳಿನಲ್ಲಿ ನಿಲ್ಲಿಸಿದರು. ಮನೆಯ ಹೆಂಗಸರಿಗೂ ಕಿಟ್ಟಿಯ ಹಿಂಸೆ ತಪ್ಪಲಿಲ್ಲ. ನಡುವೆ ಅವರು ಕಲೆಕ್ಟರರಲ್ಲಿಗೆ ಅರ್ಜಿ ಒಯ್ದರೆ ಅವರು ತೆಗೆದುಕೊಳ್ಳಲಿಲ್ಲ. ಸೆಷನ್ಸ್ ಕೋರ್ಟಿಗೆ ಹೋದರೆ ಆ ಕೋರ್ಟು ಅರ್ಜಿಯನ್ನು ಅದೇ ಕಲೆಕ್ಟರರಿಗೆ ಕಳುಹಿಸಿತು. ಸೆಪ್ಟೆಂಬರಿನಲ್ಲಿ ನೋಟೀಸು ಬಂತು. ಇಪ್ಪತ್ತೈದು ದಿನಗಳ ತರುವಾಯ ಆಸ್ತಿ ಜಪ್ತಿಯಾಗಿ ಹರಾಜಾಯಿತು.

ಇಲ್ಲಿ ವಿಚಾರಮಾಡತಕ್ಕ ಸಂಗತಿ ಇದು. ಜಪ್ತಿ ಮತ್ತು ಹರಾಜಿನ ಅಧಿಕಾರ ಸರ್ಕಾರಕ್ಕೆ ಮೊದಲಿನಿಂದಲೂ ಇತ್ತು. ಕಾನೂನಿನ ದಾರಿ ಅಷ್ಟು ಹತ್ತಿರವಿದ್ದಾಗ ಮೂರು ತಿಂಗಳ ಕಾಲ ಕಲ್ಲು ಹೊರಿಸಿದ್ದೇಕೆ? ಒಂದು ಕಾರಣ, ಹರಾಜು ಖರ್ಚಿನ ಕೆಲಸ, ಕಾಗದಪತ್ರದ ಕೆಲಸ. ಭೂಮಿ ಕೊಳ್ಳುವವರೂ ವಿರಳ. ಹರಾಜುಗಳು ಹೆಚ್ಚಾದರೆ ಕಂದಾಯ ಭಾರವಾಗಿದೆಯೆಂಬುದು ಮೇಲಿನವರ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಬಿಸಿಲಿಗೆ ಯಾವ ಲೆಕ್ಕವೂ ಇಲ್ಲ. ಎರಡನೆಯ ಕಾರಣ ನಮ್ಮ ದೃಷ್ಟಿಯಲ್ಲಿ ಇನ್ನೂ ಮುಖ್ಯವಾದುದು: ಆ ರೈತರು ಪಟ್ಟೆಯನ್ನು ನಿರಾಕರಿಸಿದ್ದರು, ಎಂದರೆ ಬಾಕಿಯನ್ನೇ ಒಪ್ಪಿಕೊಂಡಿರಲಿಲ್ಲ. ಹಿಂಸೆಯಿಂದ ಹಣವನ್ನಷ್ಟೇ ಅಲ್ಲ, ಒಪ್ಪಿಗೆಯನ್ನೂ ಹಿಂಡಬೇಕಾಗಿತ್ತು. ಬರಹದ ಮೇಲೆ ನಿಂತ ಆಡಳಿತಕ್ಕೆ ರೈತನ ರುಜು ಬೇಕು; ಆ ರುಜು ಹೇಗೆ ಬಂತೆಂಬುದನ್ನು ಬರಹ ಹೇಳುವುದಿಲ್ಲ. ಮದರಾಸಿನ ಕಛೇರಿಗಳನ್ನು ಕುರಿತು ಭವಾನಿ ರಾಮನ್ ಅವರು 2012ರಲ್ಲಿ ಪ್ರಕಟಿಸಿದ ಗ್ರಂಥವು ಕಾಗದದ ಆಳ್ವಿಕೆ ಬೆಳೆದ ಬಗೆಯನ್ನು ವಿವರವಾಗಿ ತೋರಿಸಿದೆ. ಆ ಬೆಳವಣಿಗೆಯಿಂದ ಗುಮಾಸ್ತರ ಮತ್ತು ಶಿರಸ್ತೇದಾರರ ಶಕ್ತಿ ಕುಗ್ಗಲಿಲ್ಲವೆಂಬುದನ್ನು ಅಲ್ಲಿ ಕಾಣಬಹುದು.

ಕರಾವಳಿಯ ಕನ್ನಡ ಜಿಲ್ಲೆಯ ಜನರ ಮನವಿಯೊಂದು ಕೂಡ ನಮಗೆ ಉಳಿದುಬಂದಿದೆ. ಹಿಂಸೆಯ ವಿಷಯವಾಗಿ ಪಾರ್ಲಿಮೆಂಟಿನ ಮುಂದಿಟ್ಟ ಕಾಗದಪತ್ರಗಳನ್ನು ಓದಿ ಕಾರ್ಲ್ ಮಾರ್ಕ್ಸ್ ಅವರು 1857ರ ಸೆಪ್ಟೆಂಬರ್ 17ರ ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅದನ್ನು ಉದ್ಧರಿಸಿದ್ದಾರೆ. ಸರ್ಕಾರಕ್ಕೆ ಹಲವು ಬಾರಿ ಅರ್ಜಿ ಕೊಟ್ಟೂ ಫಲ ಕಾಣದ ಆ ಜನರು ಹಿಂದಿನ ಕಾಲವನ್ನೂ ತಮ್ಮ ಕಾಲವನ್ನೂ ಹೋಲಿಸುತ್ತಾರೆ. ರಾಣಿಯ, ಬಹಾದ್ದೂರರ, ಟಿಪ್ಪುವಿನ ಆಳ್ವಿಕೆಯಲ್ಲಿ ತಾವು ಹಗುರವಾದ ಕಂದಾಯವನ್ನು ಕೊಟ್ಟು ನೆಮ್ಮದಿಯಾಗಿದ್ದೆವೆಂದೂ, ಹೆಚ್ಚುವರಿಯನ್ನು ಹೇರಿದರೂ ತಾವು ಕೊಡಲಿಲ್ಲವೆಂದೂ, ಕುಂಪಣಿಯ ಮೊದಮೊದಲ ಕಲೆಕ್ಟರರು ತಮ್ಮ ಮಾತಿಗೆ ಕಿವಿಗೊಟ್ಟರೆಂದೂ, ಈಗಿನವರು ಬಡ್ತಿಯ ಆಸೆಯಿಂದ ಜನರ ಕಷ್ಟಕ್ಕೆ ಕಿವುಡರಾಗಿದ್ದಾರೆಂದೂ ಹೇಳುತ್ತಾರೆ. ರಾಣಿಯೆಂದರೆ ಬಿದನೂರಿನ ಅರಸಿ, ಬಹಾದ್ದೂರರೆಂದರೆ ಹೈದರ್ ಎಂದು ತಿಳಿಯಬಹುದು. ಬಿದನೂರಿನವರ ಶಿಸ್ತು, ಅದರ ಮೇಲೆ ಮೈಸೂರಿನವರು ಸೇರಿಸಿದ ಶಾಮಿಲು, ಈ ಎರಡೂ ಮಾತುಗಳು ಕರಾವಳಿಯ ಕಂದಾಯದ ಚರಿತ್ರೆಯನ್ನು ಓದಿದವರಿಗೆ ಪರಿಚಿತವಾದುವೇ.

ಈ ಮನವಿಯನ್ನು ಅಕ್ಷರಶಃ ನಂಬುವುದು ಚರಿತ್ರಕಾರನಿಗೆ ತರವಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದ ವಸೂಲಿಯಿಂದ ಜಿಲ್ಲೆಯ ಭೂಸ್ವತ್ತು ಹಾಳಾಯಿತೆಂದು 1800ರಲ್ಲಿ ಮನ್ರೋ ಅವರು ಬರೆದಿದ್ದರು. ಅವರಿಗೂ ಹಾಗೆ ಬರೆಯಲು ತಮ್ಮದೇ ಕಾರಣಗಳಿದ್ದುವು. ಅರ್ಜಿದಾರರು ಹಿಂದಿನ ಕಾಲವನ್ನು ಹೊಗಳಿದ್ದು ಈಗಿನವರನ್ನು ಅಳೆಯಲು ಒಂದು ಕೋಲು ಬೇಕಾಗಿದ್ದರಿಂದ. ಆದರೆ ಮನವಿಯಲ್ಲಿ ಒಂದು ಮಾತು ಬಹಳ ಸೂಕ್ಷ್ಮವಾಗಿದೆ. ನೌಕರರ ಕ್ರೌರ್ಯಕ್ಕೆ ಕಾರಣ ಅವರ ದುಷ್ಟಸ್ವಭಾವವೆಂದು ಅವರು ಹೇಳಲಿಲ್ಲ, ಬಡ್ತಿಯ ಆಸೆಯೆಂದರು. ಹೆಚ್ಚು ಎತ್ತಿದವನು ಮೇಲೇರುವನು, ಕಡಿಮೆ ಎತ್ತಿದವನು ಅಸಮರ್ಥನೆನಿಸುವನು. ಈ ವಿಷಯದಲ್ಲಿ ಆಯೋಗದ ವರದಿಗಿಂತ ಆ ಹಳ್ಳಿಗರ ವಿಶ್ಲೇಷಣೆಯೇ ಆಳವಾದುದು. ಅರ್ಜಿಗಳಿಂದ ಕೆಲಸವಾಗದೆ ಹೋದಾಗ ಅದೇ ಜಿಲ್ಲೆಯ ಜನರು 1830 ಮತ್ತು 1831ರಲ್ಲಿ ಕೂಟಗಳನ್ನು ಸೇರಿಸಿ ಕಂದಾಯವನ್ನೇ ನಿಲ್ಲಿಸಿದ್ದರೆಂಬುದನ್ನೂ ನೆನೆಯಬೇಕು.

ಆಯೋಗದ ನಿರ್ಣಯವೇನು? ಕಂದಾಯಕ್ಕಾಗಿಯೂ ಪೋಲೀಸು ಕೆಲಸಗಳಿಗಾಗಿಯೂ ಹಿಂಸೆಯು ಆಧಿಪತ್ಯದಲ್ಲಿ ಸಾಮಾನ್ಯವಾಗಿ ನಡೆಯುತ್ತಿದೆಯೆಂದೂ, ಹಿಂದಿನ ಕಾಲಕ್ಕಿಂತ ಅದರ ಉಗ್ರತೆ ತಗ್ಗಿದೆಯೆಂದೂ ಅದು ಒಪ್ಪಿಕೊಂಡಿತು. ಆದರೆ ಹಿಂಸೆಯಿದೆಯೆಂಬ ನಿಶ್ಚಯಕ್ಕಿಂತಲೂ ಹೆಚ್ಚಾಗಿ ತಮ್ಮ ಮನಸ್ಸನ್ನು ನೋಯಿಸಿದ್ದು ನೊಂದವರಿಗೆ ಪರಿಹಾರ ಪಡೆಯಲು ಇರುವ ಕಷ್ಟವೆಂದು ಸದಸ್ಯರು ಬರೆದರು. ಕಲೆಕ್ಟರರ ಕಛೇರಿಗೆ ಹೋಗಲು ದೂರ ನಡೆಯಬೇಕು, ಅಲ್ಲಿ ದಿನಗಟ್ಟಲೆ ಕಾಯಬೇಕು. ಪತ್ರ ಬರೆದರೆ ಅದರ ಬೆನ್ನ ಮೇಲೆ ತಹಶೀಲ್ದಾರನಿಗೆ ಎಂದು ಷರಾ ಬರೆದು ಕಳುಹಿಸುತ್ತಾರೆ. ಹೊಡೆದವನ ಕೈಗೇ ದೂರಿನ ಕಾಗದ ಬಂದು ಸೇರುತ್ತದೆ. ಇವೆರಡನ್ನೂ ದಾಟಿ ಅಪರಾಧ ರುಜುವಾತಾದರೂ ಮ್ಯಾಜಿಸ್ಟ್ರೇಟರು ವಿಧಿಸಬಹುದಾಗಿದ್ದ ಶಿಕ್ಷೆ ಐವತ್ತು ರೂಪಾಯಿ ಜುಲ್ಮಾನೆ ಅಥವಾ ಒಂದು ತಿಂಗಳ ಸಜೆ. ಅದಕ್ಕೆ ಮೀರಿದ ಶಿಕ್ಷೆಯಾಗಬೇಕಾದರೆ ಆರೋಪಿಯನ್ನು ಮೇಲಿನ ಕ್ರಿಮಿನಲ್ ನ್ಯಾಯಾಲಯಕ್ಕೆ ಒಪ್ಪಿಸಬೇಕಾಗಿತ್ತು.

ಇದಕ್ಕಿಂತ ವಿಸ್ಮಯಕರವಾದುದು ಕಾನೂನಿನಲ್ಲಿದ್ದ ಒಂದು ಬಿರುಕು. 1822 ಮತ್ತು 1828ರ ರೆಗ್ಯುಲೇಷನ್ನುಗಳು ಕಂದಾಯ ನೌಕರರ ಸುಲಿಗೆಯನ್ನು ವಿಚಾರಿಸಲು ಕಲೆಕ್ಟರರಿಗೂ ಅವರ ಕೈಕೆಳಗಿನವರಿಗೂ ಅಧಿಕಾರ ಕೊಟ್ಟಿದ್ದುವು. ಅದರ ಮೇಲೆ ರೆವಿನ್ಯೂ ಬೋರ್ಡಿಗೆ ಅಪೀಲು. ಆದರೆ ಅವುಗಳ ಗುರಿ ಸರ್ಕಾರದ ಹಣವನ್ನು ಕದಿಯುವವನು ಮತ್ತು ತನ್ನ ಜೇಬಿಗೆಂದು ರೈತನಿಂದ ಕಿತ್ತುಕೊಳ್ಳುವವನು. ಸರ್ಕಾರಕ್ಕೆ ಸಲ್ಲಬೇಕಾದ ಹಣವನ್ನು ಸರ್ಕಾರಕ್ಕಾಗಿಯೇ ಎತ್ತುವಾಗ ಬಲಾತ್ಕಾರ ಮಾಡಿದರೆ ಅದನ್ನು ಶಿಕ್ಷಿಸುವ ವಿಧಿ ಅಲ್ಲಿರಲಿಲ್ಲ. ಜನರು ಈ ರೆಗ್ಯುಲೇಷನ್ನುಗಳ ಮೇರೆಗೆ ಫಿರ್ಯಾದು ತಂದ ಒಂದು ಉದಾಹರಣೆಯೂ ತಮಗೆ ತಿಳಿಯದೆಂದು ಆಯೋಗವು ಹೇಳಿತು.

ನಮ್ಮಲ್ಲಿ ಭ್ರಷ್ಟಾಚಾರದ ಮಾತು ಬಂದಾಗಲೆಲ್ಲ ಕೌಟಿಲ್ಯನನ್ನು ಉದ್ಧರಿಸುವುದು ವಾಡಿಕೆ. ಬೊಕ್ಕಸವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಅರ್ಥಶಾಸ್ತ್ರವು ಎಣಿಸಿರುವುದೂ, ನೀರಿನಲ್ಲಿರುವ ಮೀನಿನ ಹೋಲಿಕೆಯೂ ಭಾಷಣಗಳಲ್ಲಿ ಸವೆದುಹೋಗಿವೆ. ಅವುಗಳ ಕಾಳಜಿ ಅರಸನಿಗಾಗುವ ನಷ್ಟ. ಆದರೆ ಅದೇ ಅಧಿಕರಣದಲ್ಲಿ, ಆದಾಯವನ್ನು ಕುಗ್ಗಿಸುವವನು ಅರಸನ ಸ್ವತ್ತನ್ನು ತಿನ್ನುವನೆಂದು ಹೇಳಿದ ಬೆನ್ನಿಗೇ, ಎರಡರಷ್ಟು ಎತ್ತಿ ತರುವವನು ಜನಪದವನ್ನೇ ತಿನ್ನುವನೆಂಬ ಮಾತೂ ಇದೆ. ಈ ಎರಡನೆಯ ಮಾತು 1822ರ ರೆಗ್ಯುಲೇಷನ್ನನ್ನು ಬರೆದವರಿಗೆ ಹೊಳೆಯಲಿಲ್ಲ. ಸರ್ಕಾರಕ್ಕೆ ಲಾಭವಾಗುವ ಅಪರಾಧವನ್ನು ಅಪರಾಧವೆಂದು ಗುರುತಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ವರದಿಯ ದೌರ್ಬಲ್ಯವೂ ಇಲ್ಲಿಯೇ ಇದೆ. ಹಿಂಸೆ ನಡೆದುದು ದೇಶೀಯ ನೌಕರರಿಂದ. ಯೂರೋಪಿಯನ್ ಅಧಿಕಾರಿಗಳು ಅದನ್ನು ಒಪ್ಪುವವರಲ್ಲ. ಜನರೂ ಅವರನ್ನು ದೂರುತ್ತಿಲ್ಲ, ಅವರನ್ನೇ ರಕ್ಷಕರೆಂದು ನಂಬಿದ್ದಾರೆ ಎಂಬುದು ಆಯೋಗದ ಸಮಾಧಾನ. ತಹಶೀಲ್ದಾರನೂ ಜವಾನನೂ ಕ್ರೂರವಾಗಿ ನಡೆದುಕೊಂಡರೆಂಬುದರಲ್ಲಿ ಸಂದೇಹವಿಲ್ಲ. ಅವರನ್ನು ನಮ್ಮವರೆಂಬ ಕಾರಣದಿಂದ ಬಿಡಿಸಿಕೊಳ್ಳುವ ಇಚ್ಛೆಯೂ ನಮಗಿಲ್ಲ. ಆದರೆ ಎತ್ತಲಾಗದ ಮೊತ್ತವನ್ನು ಗೊತ್ತುಮಾಡಿ, ಎತ್ತುವವನಿಗೆ ಅಲ್ಪಸಂಬಳ ಕೊಟ್ಟು, ಬಡ್ತಿಯನ್ನು ವಸೂಲಿಗೆ ಕಟ್ಟಿ, ಅರ್ಜಿಯನ್ನು ಓದದೆ ಕೆಳಕ್ಕೆ ಕಳುಹಿಸಿದವರು ಯಾರು? ಕಂದಾಯದ ದರವನ್ನು ವಿಚಾರಿಸುವುದು ಆಯೋಗಕ್ಕೆ ಒಪ್ಪಿಸಿದ ಕೆಲಸವಾಗಿರಲಿಲ್ಲ. ಆದುದರಿಂದ ಕಾರಣವನ್ನು ಬಿಟ್ಟು ಕರಣವನ್ನು ಮಾತ್ರ ಅದು ಪರೀಕ್ಷಿಸಿತು. ಹಿಂಸೆಯನ್ನು ದೇಶೀಯರ ಸ್ವಭಾವಕ್ಕೆ ಹಚ್ಚುವ ಈ ವಾದವು ಪರಕೀಯ ಆಳ್ವಿಕೆಯನ್ನೇ ಸಮರ್ಥಿಸಲು ಒದಗಿತೆಂದು ಅನುಪಮಾ ರಾವ್ ಮೊದಲಾದ ಈಚಿನ ವಿದ್ವಾಂಸರು ತೋರಿಸಿಕೊಟ್ಟಿರುವುದು ಸರಿಯಾಗಿಯೇ ಇದೆ.

ಈ ಸಂದರ್ಭದಲ್ಲಿ ಮೈಸೂರಿನ ಸಂಗತಿಯನ್ನು ನೆನೆಯದಿರಲು ನಮ್ಮಿಂದಾಗದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಮಲ್ದಾರರಿಂದ ಇಷ್ಟು ಹಣ ಎತ್ತಿಕೊಡುವೆನೆಂದು ಮುಂಗಡವಾಗಿ ಷರತ್ತು ಬರೆಸಿಕೊಳ್ಳುತ್ತಿದ್ದರು. ಕಡಿಮೆ ಬಿದ್ದರೆ ಅಮಲ್ದಾರನೇ ತುಂಬಿಕೊಡಬೇಕು. ಅದರಿಂದ ರೈತರ ಮೇಲೆ ಬಿದ್ದ ಒತ್ತಡವೂ 1830ರ ನಗರದ ದಂಗೆಗೆ ಒಂದು ಕಾರಣ. ಪ್ರಜೆಗಳಿಗೆ ಉಪದ್ರವವಾಗುತ್ತಿದೆಯೆಂಬುದನ್ನು ಮುಂದಿಟ್ಟುಕೊಂಡು 1831ರ ಅಕ್ಟೋಬರಿನಲ್ಲಿ ಕುಂಪಣಿ ಸರ್ಕಾರವು ಮೈಸೂರಿನ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಅರಸರ ಮನೆತನಕ್ಕೆ ಅದು ಹಿಂತಿರುಗಿದ್ದು 1881ರಲ್ಲಿ. ಮೈಸೂರಿನ ಅಮಲ್ದಾರನ ತಪ್ಪಿಗೆ ಮೈಸೂರಿನ ಅರಸರು ರಾಜ್ಯವನ್ನು ತೆತ್ತರು. ಇಪ್ಪತ್ತನಾಲ್ಕು ವರ್ಷಗಳ ಮೇಲೆ ಮದರಾಸಿನ ತಹಶೀಲ್ದಾರನ ವಿಷಯದಲ್ಲಿ ಅಂಥದೇ ವರದಿ ಬಂದಾಗ ಆ ನ್ಯಾಯವನ್ನು ಯಾರೂ ಎತ್ತಿ ಆಡಲಿಲ್ಲ.

ವರದಿಯಿಂದ ಫಲವೇ ಆಗಲಿಲ್ಲವೆಂದರೆ ಅನ್ಯಾಯವಾದೀತು. 1856ರಲ್ಲಿ ಲಾರ್ಡ್ಸ್ ಸಭೆಯಲ್ಲಿ ಇದರ ಚರ್ಚೆಯಾಯಿತು. 1855ರ ಆಗಸ್ಟಿನಲ್ಲಿಯೇ ಮದರಾಸು ಸರ್ಕಾರವು ಇಡೀ ಆಧಿಪತ್ಯದ ಭೂಮಾಪನ ಮಾಡಿಸಿ ಕಂದಾಯವನ್ನು ಹೊಸದಾಗಿ, ಹಗುರವಾಗಿ ಗೊತ್ತುಮಾಡುವ ಯೋಜನೆಯನ್ನು ಮುಂದಿಟ್ಟಿತು. 1859ರ ಇಪ್ಪತ್ತನಾಲ್ಕನೆಯ ಕಾಯಿದೆಯು ಪೋಲೀಸನ್ನು ಕಂದಾಯ ಇಲಾಖೆಯಿಂದ ಬೇರ್ಪಡಿಸಿ ಅದಕ್ಕೆ ತನ್ನದೇ ಆದ ಮೇಲಧಿಕಾರಿಗಳನ್ನು ಕೊಟ್ಟಿತು. ಹಾಗೆಂದು ತಹಶೀಲ್ದಾರನ ಮ್ಯಾಜಿಸ್ಟ್ರೇಟ್ ಅಧಿಕಾರ ಹೋಗಲಿಲ್ಲ, ಕಲೆಕ್ಟರರದಂತೂ ಹೋಗಲೇ ಇಲ್ಲ. 1864ರ ಎರಡನೆಯ ಕಾಯಿದೆಯು ಬಾಕಿ ವಸೂಲಿಯ ಕ್ರಮವನ್ನು ನೋಟೀಸು, ಜಪ್ತಿ, ಹರಾಜು ಎಂದು ಹಂತಹಂತವಾಗಿ ವಿಧಿಸಿತು. ಬೇಕೆಂದೇ ಬಾಕಿ ಉಳಿಸಿಕೊಂಡವನನ್ನು ದಸ್ತಗಿರಿ ಮಾಡುವ ಅಧಿಕಾರವನ್ನು ಮಾತ್ರ ಕಲೆಕ್ಟರರಲ್ಲಿಯೇ ಉಳಿಸಿತು.

ಕಾನೂನಿನ ಬಿರುಕು ಮುಚ್ಚಿದ್ದು 1860ರ ಭಾರತ ದಂಡಸಂಹಿತೆಯಲ್ಲಿ. ಅದರ 330ನೆಯ ಪ್ರಕರಣವು ತಪ್ಪೊಪ್ಪಿಗೆಗಾಗಿ ಅಥವಾ ಹಣಕಾಸಿನ ಬಾಧ್ಯತೆಯನ್ನು ತೀರಿಸುವಂತೆ ಮಾಡುವುದಕ್ಕಾಗಿ ನೋವುಂಟುಮಾಡುವುದನ್ನು ಶಿಕ್ಷಾರ್ಹವೆಂದು ಸಾರಿತು. ಶಿಕ್ಷೆಯ ಮಿತಿ ಐವತ್ತು ರೂಪಾಯಿಯಲ್ಲ, ಏಳು ವರ್ಷಗಳ ಸಜೆ. ಪ್ರಕರಣದ ಕೆಳಗೆ ಕೊಟ್ಟಿರುವ ದೃಷ್ಟಾಂತಗಳಲ್ಲಿ ಒಂದು, ರೈತನಿಂದ ಬಾಕಿ ಕಂದಾಯವನ್ನು ಎತ್ತಲು ಅವನನ್ನು ಹಿಂಸಿಸಿದ ಕಂದಾಯಾಧಿಕಾರಿಯದು. ಅಲ್ಲಿ ಬಾಕಿಯು ನಿಜವಾಗಿ ಸಲ್ಲಬೇಕಾದುದೇ, ಹಣ ಸರ್ಕಾರಕ್ಕೇ ಹೋಗತಕ್ಕುದು. ಆದರೂ ಅಧಿಕಾರಿ ಅಪರಾಧಿ. 2024ರ ಜುಲೈ 1ರಂದು ಹಳೆಯ ಸಂಹಿತೆ ರದ್ದಾಗಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಅನೇಕ ಹಳೆಯ ಮಾತುಗಳು ಬಿಟ್ಟುಹೋದುವು. ಕಂದಾಯಾಧಿಕಾರಿಯ ಈ ದೃಷ್ಟಾಂತವು 120ನೆಯ ಪ್ರಕರಣದಲ್ಲಿ ಉಳಿದುಕೊಂಡಿದೆ.